ಒಂದನೆಯ ಸಂಚಿಕೆಯಿಂದಲೇ ಯಾಕೆ?



ಅರುವತ್ತು ವರ್ಷ ದಾಟಿದರೂ ಮುಗಿಯದೆ ನಡೆದಿರುವ ಕಥೆಯೊಂದನ್ನು ಎಲ್ಲಿಂದ ಓದಲು ತೊಡಗಬೇಕು? 'ಎಕ್ಸ್-ಮೆನ್' ಸಿನಿಮಾ ನೋಡಿ ಬಂದು, ಅದರ ಮೂಲ ಕಾಮಿಕ್ಸ್ ಓದಬೇಕೆಂದು ಹೊರಟು, ಅಂಗಡಿಯ ಕಪಾಟಿನ ಎದುರು ದಿಕ್ಕು ತೋಚದೆ ನಿಂತವರು ನಿಮ್ಮಲ್ಲಿ ಹಲವರಿದ್ದೀರಿ. ಐವತ್ತು ದಾಟಿದ ನಾನು ಈ ಪುಸ್ತಕಗಳನ್ನು ಓದುತ್ತೇನೆಂದು ತಿಳಿದಂದಿನಿಂದ, ಸಂಘದ ಕಾರ್ಯಕ್ರಮಗಳಲ್ಲಿ ನನ್ನನ್ನು ಬದಿಗೆ ಕರೆದು ನೀವು ಕೇಳುವ ಪ್ರಶ್ನೆಯೂ ಇದೇ. ಹಿರಿಯರು ಮೂಗು ಮುರಿದರೆ ಮುರಿಯಲಿ, ಈ ಸಲ ಉತ್ತರವನ್ನು ಬರೆದೇ ಬಿಡುತ್ತೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 1963ರಲ್ಲಿ ಅಮೆರಿಕದಲ್ಲಿ ಸ್ಟಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಸೇರಿ ಆರಂಭಿಸಿದ ಕಥೆಯಿದು. ಇದರಲ್ಲಿ ಬರುವವರು 'ಮ್ಯುಟೆಂಟ್'ಗಳು. ಹುಟ್ಟಿನಿಂದಲೇ ಅವರಲ್ಲಿ ಒಂದು ವಿಶೇಷ ಶಕ್ತಿಯ ಬೀಜವಿರುತ್ತದೆ. ಸಾಮಾನ್ಯವಾಗಿ ಹರೆಯ ಬಂದಾಗ ಅದು ಹೊರಬೀಳುತ್ತದೆ. ಜನ ಅವರಿಗೆ ಹೆದರುತ್ತಾರೆ, ಅವರನ್ನು ದ್ವೇಷಿಸುತ್ತಾರೆ. ಪ್ರೊಫೆಸರ್ ಚಾರ್ಲ್ಸ್ ಝೇವಿಯರ್ ಎಂಬವರು ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರಿನಲ್ಲಿ ಇಂಥ ಮಕ್ಕಳಿಗಾಗಿ ಒಂದು ಶಾಲೆ ನಡೆಸುತ್ತಾರೆ. ತಮ್ಮನ್ನು ದ್ವೇಷಿಸುವ ಲೋಕವನ್ನೇ ಕಾಪಾಡುವುದು ಅಲ್ಲಿ ಕಲಿತವರ ಕೆಲಸ.

ಎಲ್ಲಿಂದ ತೊಡಗಬೇಕೆಂದರೆ ಯಾರಿಗಾದರೂ ಮೊದಲು ಹೊಳೆಯುವ ಉತ್ತರ: ಒಂದನೆಯ ಸಂಚಿಕೆಯಿಂದ. ಪುಣೆಯಲ್ಲಿರುವ ನನ್ನ ತಂಗಿಯ ಮಗಳೂ ಹಾಗೆಯೇ ಹೊರಟಳು. ಕಾಲೇಜು ಹುಡುಗಿ, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವ ಸ್ವಭಾವದವಳಲ್ಲ. ಹತ್ತು ಸಂಚಿಕೆ ಓದಿ ಫೋನು ಮಾಡಿದಳು.

"ಮಾಮ, ಇದು ಪರೀಕ್ಷೆಗೆ ಓದಿದ ಹಾಗೆ ಆಗ್ತಾ ಉಂಟು. ಇನ್ನೂ ಎಷ್ಟು ಓದ್ಬೇಕು?"

ಅವಳದೇನೂ ತಪ್ಪಿಲ್ಲ. ಆ ಕಾಲದ ಅಮೆರಿಕದ ಓದುಗರೇ ಆ ಪುಸ್ತಕವನ್ನು ಕೈಬಿಟ್ಟಿದ್ದರು. 1970ರಲ್ಲಿ 66ನೇ ಸಂಚಿಕೆಯೊಂದಿಗೆ ಹೊಸ ಕಥೆಗಳು ನಿಂತೇ ಹೋದವು. ಆಮೇಲೆ 67ರಿಂದ 93ರವರೆಗಿನ ಸಂಚಿಕೆಗಳಲ್ಲಿ ಹಳೆಯ ಕಥೆಗಳನ್ನೇ ಮರುಮುದ್ರಿಸಿ 1975ರವರೆಗೆ ದಿನ ದೂಡಿದರು. ಅಂದರೆ, ಮೊದಲಿನಿಂದ ಓದುತ್ತೇನೆಂದು ಹಟ ಹಿಡಿದವರು, ಇಂದು ಲೋಕವೆಲ್ಲ ಮೆಚ್ಚುವ ಎಕ್ಸ್-ಮೆನ್ ಹುಟ್ಟುವ ಮುನ್ನವೇ ಬೇಸತ್ತು ಪುಸ್ತಕ ಮುಚ್ಚುವ ಸಂಭವ ಹೆಚ್ಚು.

ಇನ್ನೊಂದು ತೊಡಕೂ ಇದೆ. 'ಒಂದನೆಯ ಸಂಚಿಕೆ' ಎಂಬುದು ಒಂದೇ ಅಲ್ಲ. 1991ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಬರವಣಿಗೆಯಲ್ಲಿ, ಜಿಮ್ ಲೀ ಚಿತ್ರಗಳಲ್ಲಿ 'ಎಕ್ಸ್-ಮೆನ್' 1ನೇ ಸಂಚಿಕೆ ಹೊಸದಾಗಿ ಬಂತು. ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು, ಗಿನ್ನೆಸ್ ದಾಖಲೆಯಾಯಿತು. ಆದರೆ ಅದು ಇಪ್ಪತ್ತೆಂಟು ವರ್ಷಗಳ ಕಥೆ ಬೆನ್ನಿಗಿದ್ದ 'ಒಂದು'. ಆಮೇಲೆ 2010, 2013, 2019, 2021, 2024ರಲ್ಲಿ ಮತ್ತೆ ಮತ್ತೆ ಅದೇ ಹೆಸರಿನಲ್ಲಿ 1ನೇ ಸಂಚಿಕೆಗಳು ಬಂದಿವೆ. ಮುಖಪುಟದ ಮೇಲಿನ ಅಂಕಿ ಮಾರಾಟಕ್ಕೆ ಅನುಕೂಲ. ಓದುಗನಿಗೆ ದಾರಿ ತೋರಿಸುವ ಕೈಮರವಲ್ಲ.

ಹಾಗಾದರೆ ಕೈಮರ ಯಾವುದು? ನನ್ನ ಅನುಭವದಲ್ಲಿ ಕಂಡುಕೊಂಡದ್ದು ಇಷ್ಟೇ: ಅಂಕಿಯನ್ನು ನೋಡಬೇಡಿ, ಕಥೆಯೊಳಗೆ ಹೊಸಬರೊಬ್ಬರು ಕಾಲಿಡುವ ಜಾಗವನ್ನು ನೋಡಿ. ಹೊಸಬರಿಗೆ ಮನೆಯನ್ನು ತೋರಿಸುವಾಗ ಕಥೆಗಾರ ನಿಮಗೂ ತೋರಿಸುತ್ತಾನೆ.

ಅಂಥ ಮೊದಲ ಬಾಗಿಲು 1975ರ 'ಜೈಂಟ್-ಸೈಜ್ ಎಕ್ಸ್-ಮೆನ್'. ಲೆನ್ ವೀನ್ ಬರೆದದ್ದು, ಡೇವ್ ಕಾಕ್ರಮ್ ಚಿತ್ರಿಸಿದ್ದು. ಹಳೆಯ ತಂಡ ಕ್ರಕೋವಾ ಎಂಬ ದ್ವೀಪದಲ್ಲಿ ಸಿಕ್ಕಿಬಿದ್ದಿದೆ. ಆ ದ್ವೀಪವೇ ಜೀವಂತ ಪ್ರಾಣಿ. ಅವರನ್ನು ಬಿಡಿಸಲು ಪ್ರೊಫೆಸರ್ ದೇಶದೇಶ ತಿರುಗಿ ಹೊಸ ತಂಡ ಕಟ್ಟುತ್ತಾರೆ. ಕೆನ್ಯಾದಿಂದ ಸ್ಟಾರ್ಮ್, ಜರ್ಮನಿಯಲ್ಲಿ ಪಂಜು ಹಿಡಿದ ಜನರ ಗುಂಪು ಅಟ್ಟಿಸಿಕೊಂಡು ಬಂದ ನೈಟ್‌ಕ್ರಾಲರ್, ಸೈಬೀರಿಯಾದ ಹೊಲದಿಂದ ಕೊಲಾಸಸ್, ಕೆನಡಾದಿಂದ ವುಲ್ವರೀನ್, ಹೀಗೆ. ಹೆಚ್ಚಿನವರನ್ನು ಅವರವರ ಊರಿನಲ್ಲೇ ನಾವು ಮೊದಲು ಕಾಣುತ್ತೇವೆ. ಆ ಮುಂದಿನ 94ನೇ ಸಂಚಿಕೆಯಿಂದ ಕ್ಲೇರ್‌ಮಾಂಟ್ ಕೈಗೆ ಬಂದ ಕಥೆ 1991ರವರೆಗೆ, ಹದಿನಾರು ವರ್ಷ, ಅವರ ಕೈಯಲ್ಲೇ ಉಳಿಯಿತು.

ಎರಡನೆಯ ಬಾಗಿಲು ನನಗೆ ಇನ್ನೂ ಇಷ್ಟವಾದದ್ದು: 1980ರ 129ನೇ ಸಂಚಿಕೆ. ಅಲ್ಲಿ ಕಿಟ್ಟಿ ಪ್ರೈಡ್ ಎಂಬ ಹುಡುಗಿ ಬರುತ್ತಾಳೆ. ಹದಿಮೂರೂವರೆ ವರ್ಷ, ಷಿಕಾಗೋ ಬಳಿಯ ಡಿಯರ್‌ಫೀಲ್ಡಿನವಳು. ಗೋಡೆಯನ್ನು ತೂರಿ ಆಚೆ ಹೋಗುವುದು ಅವಳ ಶಕ್ತಿ. ನಾವು ಬಾಗಿಲು ಹುಡುಕುತ್ತಾ ನಿಂತಿರುವಾಗ ಅವಳು ಗೋಡೆಯಿಂದಲೇ ಒಳಗೆ ಬರುತ್ತಾಳೆ! ಅವಳಿಗೂ ಈ ದೊಡ್ಡವರ ಹಿಂದಿನ ಜಗಳಗಳು ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬೈರ್ನ್ ಜೋಡಿಯ ಪ್ರಸಿದ್ಧ 'ಡಾರ್ಕ್ ಫೀನಿಕ್ಸ್' ಕಥೆ ಆರಂಭವಾಗುವುದೂ ಅಲ್ಲಿಂದಲೇ. ಸ್ವಲ್ಪ ಮುಂದೆ 141 ಮತ್ತು 142ನೇ ಸಂಚಿಕೆಗಳ 'ಡೇಸ್ ಆಫ್ ಫ್ಯೂಚರ್ ಪಾಸ್ಟ್'ನಲ್ಲಿ, 2013ರ ಭಯಾನಕ ಭವಿಷ್ಯದಿಂದ ಹಿಂದಕ್ಕೆ ಬಂದು ಎಚ್ಚರಿಸುವವಳೂ ಈ ಕಿಟ್ಟಿಯೇ. 2013 ಬಂದು ಹೋಯಿತು. ಕಥೆಯ ಬಿಸಿ ಮಾತ್ರ ಆರಿಲ್ಲ.

ಹಿಂದಿನದು ಗೊತ್ತಿಲ್ಲದೆ ನಡುವಿನಿಂದ ಓದಿದರೆ ಅರ್ಥವಾದೀತೇ ಎಂದು ನೀವು ಕೇಳಬಹುದು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ನಿಮ್ಮ ಅಪ್ಪ ಅಮ್ಮ 'ಅಭಿಮನ್ಯು ಕಾಳಗ' ನೋಡಲು ಹೋಗುತ್ತಾರಲ್ಲ, ಆದಿಪರ್ವದಿಂದ ಓದಿಕೊಂಡು ಹೋಗುತ್ತಾರೆಯೇ? ಭಾಗವತರ ಪದ, ಪಾತ್ರಧಾರಿಯ ಮಾತು ಬೇಕಾದಷ್ಟು ಹಿಂದಿನ ಕಥೆಯನ್ನು ಅಲ್ಲೇ ಒದಗಿಸುತ್ತವೆ. ಕ್ಲೇರ್‌ಮಾಂಟ್ ಕೂಡ ಹಾಗೆಯೇ. ಯಾರು, ಎಲ್ಲಿಂದ ಬಂದವರು, ಅವರ ಶಕ್ತಿ ಏನು ಎಂಬುದನ್ನು ಸಂಚಿಕೆ ಸಂಚಿಕೆಯಲ್ಲೂ ಬೇಸರವಿಲ್ಲದೆ ಹೇಳುತ್ತಾರೆ. ಪ್ರತಿ ಸಂಚಿಕೆಯೂ ಯಾರಿಗೋ ಮೊದಲನೆಯದು ಎಂಬುದು ಆ ವೃತ್ತಿಯವರ ಹಳೆಯ ನಂಬಿಕೆ.

ನನಗೆ ಮೊದಲು ಸಿಕ್ಕಿದ್ದು 138ನೆಯದು. 1980ರ ದಶಕದ ಕೊನೆ, ಕಾಲೇಜಿನ ದಿನಗಳು. ಫೌಂಟನ್ ಬಳಿಯ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ ಮುಖಪುಟ ಹರಿದು ಹೋಗಿದ್ದ ಪ್ರತಿ. ಅದು ಜೀನ್ ಗ್ರೇ ಎಂಬ ನಾಯಕಿಯ ಶವಸಂಸ್ಕಾರದ ಸಂಚಿಕೆ. ಹಿಂದಿನ ಸಂಚಿಕೆಯಲ್ಲಿ ಅವಳು ಚಂದ್ರನ ಮೇಲೆ ಪ್ರಾಣ ಬಿಟ್ಟಿದ್ದಾಳೆ. ಅವಳಾರೋ ನನಗೆ ಗೊತ್ತಿರಲಿಲ್ಲ. ಗುರುತಿಲ್ಲದವರ ಸಾವಿನ ಮನೆಗೆ ಹೋಗಿ ಮೂಲೆಯಲ್ಲಿ ಕುಳಿತ ಹಾಗಿತ್ತು. ಆದರೆ ಸಾವಿನ ಮನೆಯಲ್ಲಿ ಹತ್ತಿರದವರು ಹೋದವರ ಬದುಕನ್ನು ಮೊದಲಿನಿಂದ ನೆನೆಸಿಕೊಳ್ಳುತ್ತಾರಲ್ಲವೇ? ಅವಳ ಪ್ರಿಯಕರ ಸೈಕ್ಲಾಪ್ಸ್ ಸಮಾಧಿಯ ಬಳಿ ನಿಂತು, ಶಾಲೆಗೆ ಸೇರಿದ ದಿನದಿಂದ ಅಂದಿನವರೆಗಿನದನ್ನೆಲ್ಲ ನೆನೆಯುತ್ತಾನೆ. ಹದಿನೇಳು ವರ್ಷಗಳ ಕಥೆ ಒಂದೇ ಸಂಚಿಕೆಯಲ್ಲಿ! ಕೊನೆಯ ಪುಟಕ್ಕೆ ಬರುವಾಗ ಅವಳಿಗಾಗಿ ನನ್ನ ಗಂಟಲೂ ಕಟ್ಟಿತ್ತು. ಆದ್ದರಿಂದ ನೀವು 129ರಿಂದ ತೊಡಗಿದರೂ, ಬಿಟ್ಟುಬಂದ ಹಿಂದಿನದೆಲ್ಲ ಹತ್ತನೆಯ ಸಂಚಿಕೆಯಲ್ಲಿ ನಿಮಗಾಗಿ ಕಾದಿರುತ್ತದೆ.

ಒಂದೇ ಪುಸ್ತಕ ಓದಿ ನೋಡುತ್ತೇನೆ ಎನ್ನುವವರಿಗೆ 1982ರ 'ಗಾಡ್ ಲವ್ಸ್, ಮ್ಯಾನ್ ಕಿಲ್ಸ್' ಸಾಕು. ಬ್ರೆಂಟ್ ಆ್ಯಂಡರ್ಸನ್ ಚಿತ್ರಗಳಿರುವ ಈ ಪುಸ್ತಕ ಸ್ವತಂತ್ರವಾದದ್ದು. ಹಿಂದು ಮುಂದು ಏನೂ ಬೇಡ. ದೇವರ ಹೆಸರಿನಲ್ಲಿ ದ್ವೇಷ ಬಿತ್ತುವ ಧರ್ಮಬೋಧಕನ ಕಥೆ. ಮೊದಲ ಪುಟಗಳಲ್ಲೇ ಇಬ್ಬರು ಮಕ್ಕಳ ಕೊಲೆಯಿದೆ, ಆದ್ದರಿಂದ ಮನೆಯ ಚಿಕ್ಕವರ ಕೈಗೆ ಕೊಡಬೇಡಿ. 2003ರ ಎರಡನೆಯ ಎಕ್ಸ್-ಮೆನ್ ಚಿತ್ರಕ್ಕೆ ಪ್ರೇರಣೆ ಕೊಟ್ಟದ್ದು ಇದೇ.

ಹೊಸ ಕಾಲದ್ದೇ ಬೇಕೆಂದರೆ 2019ರ 'ಹೌಸ್ ಆಫ್ ಎಕ್ಸ್' ಮತ್ತು 'ಪವರ್ಸ್ ಆಫ್ ಎಕ್ಸ್' ಜೋಡಿ ಕಥೆಗಳಿವೆ. ಬರೆದವರು ಜೊನಾಥನ್ ಹಿಕ್‌ಮನ್. 1975ರಲ್ಲಿ ಶತ್ರುವಾಗಿದ್ದ ಅದೇ ಕ್ರಕೋವಾ ದ್ವೀಪ ಇಲ್ಲಿ ಮ್ಯುಟೆಂಟರ ಸ್ವಂತ ದೇಶವಾಗುತ್ತದೆ. ಅಲ್ಲಿಂದ ಹೊರಟ ಕಥಾಸರಣಿ 2024ರಲ್ಲಿ ಮುಗಿಯಿತು.

ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟಾಗ ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. 1975ರಲ್ಲಿ ದೇಶದೇಶದಿಂದ ಬಂದವರಿಗೆ ಪ್ರೊಫೆಸರ್ ತಮ್ಮ ಮನಶ್ಶಕ್ತಿಯಿಂದ ಇಂಗ್ಲಿಷ್ ಕಲಿಸಿಬಿಡುತ್ತಾರೆ, ಒಂದೇ ಗಳಿಗೆಯಲ್ಲಿ. 2019ರಲ್ಲಿ ಮ್ಯುಟೆಂಟರು ತಮ್ಮದೇ ಭಾಷೆಯನ್ನು ಕಟ್ಟಿಕೊಂಡಿದ್ದಾರೆ, ಅದಕ್ಕೊಂದು ಲಿಪಿಯೂ ಇದೆ. ದ್ವೀಪಕ್ಕೆ ಬಂದವರ ಮನಸ್ಸಿಗೆ ಆ ಭಾಷೆಯನ್ನು ಅದೇ ರೀತಿ ಇಳಿಸಲಾಗುತ್ತದೆ. ಪರಭಾಷೆಯೋ ಸ್ವಂತ ಭಾಷೆಯೋ, ಕಲಿಯುವ ಕಷ್ಟವೇ ಇಲ್ಲ!

ಓದುಗರಾದ ನಮಗೆ ಆ ಸೌಕರ್ಯವಿಲ್ಲ. ಕ್ರಕೋವಾ ಲಿಪಿಯೆಂದರೆ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಬದಲಿ ಚಿಹ್ನೆ. ನನ್ನ ತಂಗಿಯ ಮಗಳು, ಹತ್ತು ಸಂಚಿಕೆಗೆ ಸುಸ್ತಾದವಳು, ಈ ಪುಸ್ತಕ ಹಿಡಿದ ಮೇಲೆ ಎರಡು ಸಂಜೆಯಲ್ಲಿ ಆ ಲಿಪಿ ಕಲಿತಳು. ಪುಟಗಳ ಮೂಲೆಯ ಬರಹಗಳನ್ನೆಲ್ಲ ಬಿಡಿಸಿ ನನಗೆ ಓದಿ ಹೇಳಿದಳು.

ಅವಳ ಅಜ್ಜಿ, ಅಂದರೆ ನನ್ನ ಅಮ್ಮ, ಉಡುಪಿಯಲ್ಲಿದ್ದಾರೆ. ವಯಸ್ಸು ಎಂಬತ್ತನಾಲ್ಕು. ಎರಡು ವರ್ಷಗಳಿಂದ ಕಿವಿ ಪೂರ್ತಿ ಮಂದ, ಫೋನಿನಲ್ಲಿ ಮಾತು ಕೇಳಿಸುವುದಿಲ್ಲ. ಕಣ್ಣು ಚೆನ್ನಾಗಿದೆ, ಬರೆದು ಕಳಿಸಿದರೆ ಓದುತ್ತಾರೆ, ಉತ್ತರ ಬರೆಯುತ್ತಾರೆ. ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದು ಬರಹ ಇಲ್ಲ. ಸಂಘದ ಕನ್ನಡ ತರಗತಿಗೆ ಸೇರು ಎಂದರೆ, "ಆರು ವರ್ಷದ ಮಕ್ಕಳ ಸಾಲಿನಲ್ಲಿ ಕೂತು ಅ ಆ ಇ ಈಯಿಂದ ಹೇಗೆ ಮಾಮ? ಈಗ ತಡ ಆಯ್ತು" ಎನ್ನುತ್ತಿದ್ದಳು. ಲಿಪಿ ಬಿಡಿಸಿದ ಆ ದಿನ ನಾನು ಕೇಳಿದೆ, "ಇಲ್ಲದ ದ್ವೀಪದ ಅಕ್ಷರ ಎರಡು ದಿನದಲ್ಲಿ ಬಂತಲ್ಲ ಮಾರಾಯ್ತಿ, ಅಜ್ಜಿಯ ಅಕ್ಷರಕ್ಕೆ ಎಷ್ಟು ದಿನ ಬೇಕು?"

ಉತ್ತರ ಹೇಳಲಿಲ್ಲ. ಮರುವಾರ ಅಜ್ಜಿಯ ಒಂದು ಹಳೆಯ ಕಾಗದದ ಫೋಟೋ ಕಳಿಸು ಎಂದಳು. ವರ್ಣಮಾಲೆ ಬಿಟ್ಟು ಆ ಕಾಗದದಿಂದಲೇ ತೊಡಗಿದ್ದಾಳೆ: ಮೊದಲು ತನ್ನ ಹೆಸರು, ಆಮೇಲೆ ಊರಿನ ಹೆಸರು, ಆಮೇಲೆ 'ಹಲಸಿನ ಹಪ್ಪಳ'. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ನನಗೆ ಫೋನು ಬರುತ್ತದೆ. ಕಳೆದ ತಿಂಗಳು ನಾಲ್ಕು ಸಾಲು ಬರೆದು ಉಡುಪಿಗೆ ಅಂಚೆಗೆ ಹಾಕಿದ್ದಾಳೆ.

ನಿಮಗೆ ನನ್ನ ಸಲಹೆ ಇಷ್ಟು. ಒಂದೇ ಪುಸ್ತಕವಾದರೆ 1982ರದ್ದು. ರುಚಿ ಹತ್ತಿದರೆ 1975ರ ಜೈಂಟ್-ಸೈಜ್, ಅಲ್ಲಿಂದ 94ರಿಂದ 143ರವರೆಗೆ, ಒಟ್ಟು 51 ಸಂಚಿಕೆಗಳು. ಅಷ್ಟು ಪುರುಸೊತ್ತಿಲ್ಲದವರು ಕಿಟ್ಟಿಯ ಜೊತೆ 129ರಿಂದ ಬನ್ನಿ. ಎಲ್ಲವೂ ಸಂಪುಟಗಳಾಗಿ ಬಂದಿವೆ. ಮಾರ್ವೆಲ್‌ನವರ ಚಂದಾ ಆ್ಯಪ್‌ನಲ್ಲಿಯೂ ಇವೆ. 1963ರ ಸಂಚಿಕೆಗಳನ್ನು ಕೊನೆಗೆ ಓದಿ. ಅಷ್ಟರಲ್ಲಿ ಅವು ನಿಮಗೆ ಮನೆಯ ಹಿರಿಯರ ಬಾಲ್ಯದ ಫೋಟೋಗಳಂತೆ ಕಾಣುತ್ತವೆ, ಪ್ರೀತಿ ತಾನಾಗಿ ಬರುತ್ತದೆ.

ಓದಿದ ಮೇಲೆ ಯಾರು ಇಷ್ಟವಾದರೆಂದು ನಮ್ಮ ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಒತ್ತಕ್ಷರ ತಪ್ಪಿದರೆ ತಿದ್ದಲು ನಾವಿದ್ದೇವೆ.