ಆರನೇ ಹುಟ್ಟುಹಬ್ಬ

ಮಂಜಗುಣಿಯಲ್ಲಿ, ಗಂಗಾವಳಿ ಕಡಲು ಸೇರುವಲ್ಲಿ, ಪುಟ್ಟಿಯೊಬ್ಬಳು ಅಮ್ಮನ ಬುಟ್ಟಿಗೆ ಚಿಪ್ಪಿಕಲ್ಲು ಆರಿಸಿ ಹಾಕುತ್ತಿದ್ದಳು. ಆರು ವರ್ಷವಿರಬಹುದು.

ಜೈಲಿನ ಹೆಣ್ಣುಮಕ್ಕಳಿಗೆ ಆಪ್ತಸಮಾಲೋಚನೆ ಮಾಡುವ ನನಗೆ ಆ ವಯಸ್ಸೆಂದರೆ ಸಂಕಟ. 2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಗು ತಾಯಿಯೊಂದಿಗೆ ಒಳಗಿರಬಹುದಾದದ್ದು ಆರು ತುಂಬುವವರೆಗೆ ಮಾತ್ರ. ಆ ಹುಟ್ಟುಹಬ್ಬ ಹತ್ತಿರವಾದಂತೆ ತಾಯಿಗೆ ನಿದ್ದೆ ಹೋಗುತ್ತದೆ, ಊಟ ಸೇರುವುದಿಲ್ಲ. “ದೊಡ್ಡಾದ್ಮೇಲೆ ನನ್ನ ಗುರ್ತ ಹಿಡೀತದ್ಯಾ?” ಎಂದು ಕೇಳುತ್ತಾಳೆ. ಮಾತ್ರೆ ಇದಕ್ಕೆ ಮದ್ದಲ್ಲ; ತನ್ನವರು ನೋಡಲು ಬರಬೇಕು. ಜೈಲಿನಲ್ಲಿರುವ ಗಂಡಸರನ್ನು ನೋಡಲು ತಾಯಿ, ಹೆಂಡತಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಎಷ್ಟೋ ಹೆಂಗಸರಿಗೆ ತವರೂ ಬೆನ್ನು ತಿರುಗಿಸಿರುತ್ತದೆ.

ನಿಮ್ಮ ಮನೆಯ ಹೆಣ್ಣುಮಗಳು ಒಳಗಿದ್ದರೆ ತಪ್ಪು-ಸರಿ ಕೋರ್ಟಿಗೆ ಬಿಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಹೆಂಗಸರಿಗೆ ಉಚಿತ. ಅವಳ ಮಗು ನಿಮ್ಮಲ್ಲಿದ್ದರೆ ಕರೆದುಕೊಂಡು ಒಮ್ಮೆ ಅವಳನ್ನು ನೋಡಿ ಬನ್ನಿ.