ತಿಲೋನಿಯಾದ ಸೋಲಾರ್ ಅಜ್ಜಿಯರು

ರಾಜಸ್ಥಾನದ ಕಿಶನ್‌ಗಢದಲ್ಲಿ ಎತ್ತ ನೋಡಿದರೂ ಅಮೃತಶಿಲೆಯ ರಾಶಿ. ಅದನ್ನು ದಾಟಿ ಒಳದಾರಿಗೆ ಹೊರಳಿದರೆ ಬಿಸಿಲು, ಒಣನೆಲ, ಆಮೇಲೆ ತಿಲೋನಿಯಾ. 1972ರಲ್ಲಿ ಬಂಕರ್ ರಾಯ್ ಇಲ್ಲಿ ಶುರುಮಾಡಿದ ಸಂಸ್ಥೆಯೇ ಬೇರ್‌ಫುಟ್ ಕಾಲೇಜ್. ಅಕ್ಷರ ಬಾರದ ಹಳ್ಳಿ ಹೆಂಗಸರು ಆರೇ ತಿಂಗಳಲ್ಲಿ ಸೋಲಾರ್ ಎಂಜಿನಿಯರ್ ಆಗುವ ಜಾಗ.

ನಾನು ಹೋದಾಗ ಉದ್ದನೆಯ ಮೇಜಿನ ಸುತ್ತ ಆಫ್ರಿಕಾದ ಬೇರೆಬೇರೆ ದೇಶಗಳಿಂದ ಬಂದ ತಾಯಂದಿರು, ಅಜ್ಜಿಯರು ಕೂತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಕಲಿಸುತ್ತಿದ್ದವರು ಘಾಗ್ರಾ ಉಟ್ಟು ತಲೆತುಂಬ ಸೆರಗು ಹೊದ್ದ ಅಲ್ಲಿನದೇ ಹೆಣ್ಣುಮಗಳು. ಅವರಿಗೂ ಈ ಯಾವ ಭಾಷೆಯೂ ಬಾರದು. ಆದರೂ ಪಾಠ ಎಷ್ಟು ಸರಾಗ! ಅಕ್ಕಿಕಾಳಿಗಿಂತ ತುಸು ದೊಡ್ಡದಾದ ರೆಸಿಸ್ಟರ್ ಒಂದನ್ನು ಅವರು ಎತ್ತಿ ಹಿಡಿದರು. ಅದರ ಮೈಮೇಲೆ ಬಣ್ಣದ ಗೆರೆಗಳು. ಕಂದು, ಕಪ್ಪು, ಕೆಂಪು ಸಾಲಾಗಿ ಬಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ ಸಾವಿರ ಓಮ್. ಅಂಕಿ ಓದಬೇಕಿಲ್ಲ, ಬಣ್ಣಗಳ ಸಾಲು ನೆನಪಿದ್ದರೆ ಸಾಕು. ಎದುರಿಗಿದ್ದ ಅಜ್ಜಿ ಬಣ್ಣವನ್ನು ಚಿತ್ರದೊಡನೆ ತಾಳೆ ನೋಡಿ, ರೆಸಿಸ್ಟರಿನ ಕಾಲುಗಳನ್ನು ಬೋರ್ಡಿನ ತೂತಿಗೆ ತೂರಿಸಿ, ಸೋಲ್ಡರಿಂಗ್ ಕಡ್ಡಿ ಮುಟ್ಟಿಸಿದರು. ಸಣ್ಣಗೆ ಹೊಗೆ, ರಾಳದ ವಾಸನೆ, ಹೊಳೆಯುವ ಬೆಸುಗೆ. ಆ ಬೆರಳುಗಳು ಒಂದಿಷ್ಟೂ ನಡುಗಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತಾ ನಿಂತೆ.

ಅಜ್ಜಿಯರನ್ನೇ ಏಕೆ ಆರಿಸುತ್ತಾರೆ? ಗಂಡಸರಿಗೆ ಕಸುಬು ಕಲಿಸಿದರೆ ಪ್ರಮಾಣಪತ್ರ ಹಿಡಿದು ಪಟ್ಟಣದ ಹಾದಿ ಹಿಡಿಯುತ್ತಾರೆ, ಅಜ್ಜಿ ಊರು ಬಿಡುವುದಿಲ್ಲ ಎನ್ನುತ್ತಾರೆ ಬಂಕರ್ ರಾಯ್. ಹಾಗಾಗಿ ಇಲ್ಲಿ ಪ್ರಮಾಣಪತ್ರವೇ ಇಲ್ಲ. ವಿದೇಶಿ ಹೆಂಗಸರ ಪ್ರಯಾಣ, ತರಬೇತಿಯ ಖರ್ಚನ್ನು ಭಾರತ ಸರ್ಕಾರ ತನ್ನ ಐಟೆಕ್ ಯೋಜನೆಯಲ್ಲಿ ಭರಿಸಿದೆ. ಊರಿಗೆ ಮರಳಿ ಇವರು ಮನೆಮನೆಗೆ ದೀಪ ಕೂರಿಸುತ್ತಾರೆ, ಕೆಟ್ಟರೆ ರಿಪೇರಿ ಮಾಡುತ್ತಾರೆ. ಸೀಮೆಎಣ್ಣೆಗೆ, ಮೇಣದಬತ್ತಿಗೆ ಹೋಗುತ್ತಿದ್ದ ದುಡ್ಡು ಈಗ ತಿಂಗಳ ಶುಲ್ಕವಾಗುತ್ತದೆ. ಇವರ ಸಂಬಳ ಹುಟ್ಟುವುದು ಅದರಲ್ಲೇ. ಹಸಿರು ಉದ್ಯೋಗವೆಂದರೆ ನನಗಂತೂ ಇದೇ.

ಕಾಲೇಜಿನ ಅಂಗಳದಲ್ಲಿ ಕನ್ನಡಿ ಜೋಡಿಸಿದ ದೊಡ್ಡ ಸೋಲಾರ್ ಒಲೆಯೂ ಇತ್ತು. ಕಬ್ಬಿಣ ಬಾಗಿಸಿ, ವೆಲ್ಡಿಂಗ್ ಮಾಡಿ ಕಟ್ಟಿದವರು ಹೆಂಗಸರೇ.

ಸೋಲಾರ್ ಕಸುಬು ಕಲಿಸಲು ಸರ್ಕಾರದ್ದೂ ಒಂದು ಯೋಜನೆಯಿದೆ. ಆದರೆ 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಈ 'ಸೂರ್ಯಮಿತ್ರ' ತರಬೇತಿ ಐಟಿಐ, ಡಿಪ್ಲೊಮಾ ಓದಿದವರನ್ನೇ ನೆಚ್ಚಿದೆ. ಅದು ಇರಲಿ, ಬೇಕು. ಆದರೆ ಪಾವಗಡದಲ್ಲಿ ಸಾವಿರಾರು ಎಕರೆಗೆ ಸೋಲಾರ್ ಫಲಕ ಹಾಸಿರುವ ನಮ್ಮ ರಾಜ್ಯ, ಶಾಲೆಯ ಮೆಟ್ಟಿಲು ಹತ್ತದ ತನ್ನ ಹೆಣ್ಣುಮಕ್ಕಳಿಗೂ ಈ ಕಸುಬು ಕಲಿಸಬೇಕು. ಕಲಿಯಲು ಅವರಿಗೆ ಆಗುತ್ತದೆಯೇ ಎಂಬ ಅನುಮಾನ ಇರುವವರು ಒಮ್ಮೆ ತಿಲೋನಿಯಾಕ್ಕೆ ಹೋಗಿ ಬನ್ನಿ.