ಸ್ಟಾರ್ಟ್ ಬಟನ್ ಯಾರ ಕೈಯಲ್ಲಿ?

ನಿಮ್ಮ ಮನೆಯ ಅಟ್ಟದಲ್ಲಿ ಬಟ್ಟೆ ಹೊದಿಸಿಟ್ಟ ಹಳೆಯ ಪೆಟ್ಟಿಗೆ ಟಿ.ವಿ.ಯೊಂದು ಇನ್ನೂ ಇದೆಯೇ? ಪಕ್ಕದ ರಟ್ಟಿನ ಡಬ್ಬದಲ್ಲಿ ವಯರುಗಳ ಗೊಂಚಲು, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಪಿಸ್ತೂಲು, ನಾಲ್ಕಾರು ಗೇಮ್ ಕ್ಯಾಸೆಟ್‌ಗಳೂ ಇವೆಯೇ? ಹಾಗಾದರೆ ಅವನ್ನು ಗುಜರಿಯವನಿಗೆ ಕೊಡುವ ಮೊದಲು ಇದನ್ನೊಮ್ಮೆ ಓದಿ.

ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರ ಹೊರತಂದಿತು. ‘ಫ್ಯಾಮಿಲಿ ಕಂಪ್ಯೂಟರ್’ ಎಂಬುದರ ಚಿಕ್ಕ ರೂಪವದು. ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಅದರ ನಕಲುಗಳು. ಗಲ್ಫ್‌ನಲ್ಲಿ ದುಡಿಯುತ್ತಿದ್ದ ನಮ್ಮ ಉಪ್ಪ ರಜೆಗೆ ಬಂದಾಗ ಅಂಥದ್ದೊಂದನ್ನು ತಂದಿದ್ದರು. ಹೆಸರೇನೋ ಕುಟುಂಬದ್ದು. ಆದರೆ ಮನೆಯಲ್ಲಿ ಅದು ಗಂಡುಮಕ್ಕಳ ಸೊತ್ತಾಯಿತು.

ನೀವು ಗಮನಿಸಿದ್ದೀರೋ ಇಲ್ಲವೋ, ಫ್ಯಾಮಿಕಾಮ್‌ನ ಎರಡನೆಯ ರಿಮೋಟಿನಲ್ಲಿ ‘ಸ್ಟಾರ್ಟ್’ ಬಟನ್ ಇರಲಿಲ್ಲ. ನಮ್ಮ ನಕಲಿನಲ್ಲೂ ಹಾಗೆಯೇ. ಆಟ ಶುರು ಮಾಡುವುದೂ ನಡುವೆ ನಿಲ್ಲಿಸುವುದೂ ಮೊದಲನೆಯ ರಿಮೋಟಿನವರ ಹಕ್ಕು. ಅದು ಅಣ್ಣನ ಕೈಯಲ್ಲಿತ್ತು. ನನಗೂ ತಂಗಿಗೂ ಸೇರಿ ಎರಡನೆಯದು. ಅಣ್ಣ ಕೆಟ್ಟವನೇನಲ್ಲ, ಹಾಗೆ ಹಂಚಬೇಕೆಂದು ಯಾರೂ ಹೇಳಿಯೂ ಇರಲಿಲ್ಲ. ಅದು ತಾನಾಗಿಯೇ ಆಯಿತು, ಅಷ್ಟೆ. ಉಮ್ಮನಿಗಂತೂ ಯಾವ ರಿಮೋಟೂ ಇರಲಿಲ್ಲ. ಅಡುಗೆಮನೆಯಲ್ಲಿ ಆಟದ ಸಂಗೀತ ಕೇಳಿಸುತ್ತಿತ್ತು, ಅಷ್ಟೇ ಅವರ ಪಾಲು.

ಈ ಬಾರಿಯ ಬೇಸಿಗೆ ರಜೆಯಲ್ಲಿ ಅಣ್ಣನ ಇಬ್ಬರು ಗಂಡುಮಕ್ಕಳೂ ನನ್ನ ಮಗಳೂ ಒಂದೊಂದು ಮೂಲೆಯಲ್ಲಿ ಒಂದೊಂದು ಮೊಬೈಲು ಹಿಡಿದು ಕೂತದ್ದು ಕಂಡು ಡಬ್ಬ ಇಳಿಸಿದೆ. “ಮೆಕ್ಯಾನಿಕ್‌ನ ಕರೆಯೋಣ” ಎಂದರು ಉಮ್ಮ. ಬೇಡವೆಂದೆ. ಮಿಕ್ಸಿಯ ಜಾರು ಸರಿಯಾಗಿ ಕೂರಿಸಲು ಬಲ್ಲ ಕೈಗೆ ಇದೇನೂ ಕಷ್ಟದ ಕೆಲಸವಲ್ಲ. ನೀವೂ ಮಾಡಬಹುದು.

ಮೊದಲು ಅಡಾಪ್ಟರ್ ನೋಡಿ. ಅದರ ಮೇಲಿನ ವೋಲ್ಟ್, ಪ್ಲಸ್-ಮೈನಸ್ ಗುರುತು ಎರಡೂ ಯಂತ್ರದ ಗುರುತಿಗೆ ಹೊಂದಬೇಕು. ಟಿ.ವಿ.ಯಲ್ಲಿ ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಕೆಲಸ ಸುಲಭ. ಹಳದಿಗೆ ಚಿತ್ರದ ವಯರು, ಬಿಳಿಗೆ ಶಬ್ದದ ವಯರು ಸಿಕ್ಕಿಸಿ ‘ಎ.ವಿ.’ ಒತ್ತಿದರಾಯಿತು. ಇನ್ನೂ ಹಳೆಯ ಟಿ.ವಿ.ಗೆ ಆಂಟೆನಾದ ತೂತು ಮಾತ್ರ ಇರುತ್ತದೆ. ಆಗ ಯಂತ್ರದ ಆಂಟೆನಾ ವಯರನ್ನು ಅಲ್ಲಿ ಸಿಕ್ಕಿಸಿ, ಆಟ ಆನ್ ಮಾಡಿ, ಖಾಲಿ ಚಾನೆಲ್ ಒಂದರಲ್ಲಿ ನಿಧಾನ ಟ್ಯೂನ್ ಮಾಡುತ್ತಾ ಹೋಗಿ. ಕುಣಿಯುವ ಚುಕ್ಕಿಗಳ ನಡುವಿನಿಂದ ಚಿತ್ರ ಮೂಡುತ್ತದೆ.

ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ದೇಶದ ಬಣ್ಣದ ಪದ್ಧತಿ ‘ಪಾಲ್’, ಜಪಾನ್-ಅಮೆರಿಕದ್ದು ‘ಎನ್.ಟಿ.ಎಸ್.ಸಿ.’. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಬಣ್ಣದ ಪದ್ಧತಿಯನ್ನು ‘ಆಟೋ’ಗೆ ಇಟ್ಟು ನೋಡಿ. ಚಿತ್ರವೇ ಬಾರದಿದ್ದರೆ ಕ್ಯಾಸೆಟ್‌ನ ತಾಮ್ರದ ಪಟ್ಟಿಗಳನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ ಹಾಕಿ. ನಾವೆಲ್ಲ ಮಾಡುತ್ತಿದ್ದಂತೆ ಬಾಯಿಯಿಂದ ಊದಬೇಡಿ, ಉಸಿರಿನ ತೇವಕ್ಕೆ ಪಟ್ಟಿಗಳು ಹಾಳಾಗುತ್ತವೆ.

ಒಂದು ಮಾತು ಮರೆಯದಿರಿ. ಟಿ.ವಿ.ಯ ಹಿಂಬದಿಯ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಉಳಿದಿರಬಹುದು. ಸುಟ್ಟ ವಾಸನೆ ಬಂದರೆ ಕೂಡಲೇ ಪ್ಲಗ್ ಕೀಳಿ, ಮತ್ತೆ ಹಾಕುವ ಯೋಚನೆ ಬಿಡಿ.

“ಹಾಲ್‌ನ ಹೊಸ ಟಿ.ವಿ.ಗೇ ಸಿಕ್ಕಿಸಬಾರದೇ?” ಎಂದು ನೀವು ಕೇಳಬಹುದು. ಬೇರೆ ಆಟಗಳನ್ನು ಹೇಗೋ ಆಡಬಹುದು, ಆದರೆ ಬಾತುಕೋಳಿಗೆ ಗುರಿಯಿಡುವ ಆ ಪಿಸ್ತೂಲು ಅಲ್ಲಿ ಕೆಲಸ ಮಾಡದು. ನಾವು ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಮಾತ್ರ ಬಿಳಿ ಚೌಕ ಹೊಳೆಯುತ್ತದೆ. ಪಿಸ್ತೂಲಿನ ಮೂತಿಯಲ್ಲಿರುವ ಪುಟ್ಟ ಕಣ್ಣು ಆ ಬೆಳಕನ್ನು ಕಂಡರೆ ಗುರಿ ತಾಗಿದಂತೆ ಲೆಕ್ಕ. ಪೆಟ್ಟಿಗೆ ಟಿ.ವಿ. ಆ ಬೆಳಕನ್ನು ತಡವಿಲ್ಲದೆ ತೋರಿಸುತ್ತದೆ. ಚಪ್ಪಟೆ ಟಿ.ವಿ. ತುಸು ತಡಮಾಡುತ್ತದೆ. ಅಷ್ಟರಲ್ಲಿ ಬಾತುಕೋಳಿ ತಪ್ಪಿಸಿಕೊಂಡಿರುತ್ತದೆ!

ನಮ್ಮ ಟಿ.ವಿ.ಯಲ್ಲಿ ಚಿತ್ರ ಮೂಡಿದ ಕೂಡಲೇ ಅಣ್ಣನ ದೊಡ್ಡ ಮಗ ಮೊದಲ ರಿಮೋಟನ್ನು ಎತ್ತಿಕೊಂಡ. ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಮಗಳು ಸುಮ್ಮನೆ ಎರಡನೆಯದಕ್ಕೆ ಕೈ ಚಾಚಿದಳು. ಅವಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಎದೆಗೆ ನಾಟಿದ್ದು ಅದೇ. ಗೋಡೆ ಗಡಿಯಾರ ತೋರಿಸಿ, “ಹತ್ತು ಹತ್ತು ನಿಮಿಷ, ಸರದಿಯಂತೆ” ಎಂದೆ. ಹುಡುಗರು ಗೊಣಗಿ ಒಪ್ಪಿದರು. ಮೂರನೆಯ ಸರದಿ ಮುಗಿದಾಗ ಮಗಳೇ ಪಿಸ್ತೂಲನ್ನು ತನ್ನ ಅಜ್ಜಿಯ ಕೈಗಿತ್ತಳು. ಉಮ್ಮ ನಾಚಿದರು, ಬೈದರು, ಕೊನೆಗೆ ಗುರಿಯಿಟ್ಟರು. ಮೂರನೇ ಏಟಿಗೆ ಬಾತುಕೋಳಿ ಬಿತ್ತು. “ನಿಮ್ಮ ಉಪ್ಪ ಇದ್ದಿದ್ದರೆ ನಗುತ್ತಿದ್ದರು” ಎಂದರು.

ಹಳೆಯ ಟಿ.ವಿ. ಎಷ್ಟು ದಿನ ಬಾಳುವುದೋ ಯಾರು ಬಲ್ಲರು? ಆದರೆ ನಿಮ್ಮ ಮನೆಯಲ್ಲಿ ಅದು ಮತ್ತೆ ಬೆಳಗುವ ದಿನ ವಯರು ಸಿಕ್ಕಿಸುವ ಕೆಲಸವನ್ನು ನಿಮ್ಮ ಮಗಳಿಂದಲೂ ಮಾಡಿಸಿ. ಸ್ಟಾರ್ಟ್ ಬಟನ್ ಇರುವ ರಿಮೋಟು ಅವಳ ಸರದಿಗೂ ಬರಲಿ.